ಐದನೇ ಇಂಚಿನಿಂದ ಅಳೆಯುತ್ತಿದ್ದವರು

ಮೈನುದ್ದೀನ್ ಚಾಚಾ ಅವರ ಅಳತೆಯ ಟೇಪಿಗೆ ಮೊದಲಿನ ನಾಲ್ಕು ಇಂಚು ಇರಲಿಲ್ಲ. ತುದಿಯ ಕೊಕ್ಕೆ ಯಾವ ಕಾಲದಲ್ಲೋ ಕಿತ್ತುಹೋಗಿ, ತಗಡಿನ ಪಟ್ಟಿ ಅಲ್ಲಿಂದ ಚೂರುಚೂರೇ ಮುರಿಯುತ್ತ ಬಂದಾಗ ಅವರೇ ಕತ್ತರಿ ಹಿಡಿದು ಸರಿಯಾಗಿ ನಾಲ್ಕರ ಗೆರೆಯ ಮೇಲೆ ಕತ್ತರಿಸಿದ್ದರಂತೆ. ಆಮೇಲೆ ಏನನ್ನು ಅಳೆದರೂ ಬಂದ ಅಂಕಿಯಿಂದ ನಾಲ್ಕು ಕಳೆದು ಹೇಳುವುದು ಅವರ ಬಾಯಿಗೆ ರೂಢಿಯಾಯಿತು. ಚಿತ್ತಾಪುರದ ಗಿರಾಕಿಯೊಬ್ಬರು ಹೊಸ ಟೇಪು ತಂದುಕೊಟ್ಟಾಗ ಮೂರು ದಿನ ಬಳಸಿ ನೋಡಿದರು. ಅದರಲ್ಲಿ ಅಳೆದದ್ದಕ್ಕೂ ಬಾಯಿ ತಾನಾಗಿ ನಾಲ್ಕು ಕಡಿಮೆ ಹೇಳಿತು. ಒಂದು ಕಿಟಕಿ ಹಾಳಾದ ಮೇಲೆ ಹೊಸದನ್ನು ಯಾರಿಗೋ ಕೊಟ್ಟು ಹಳೆಯದಕ್ಕೆ ಮರಳಿದರು.

"ಟೇಪು ಎಲ್ಲಿಂದ ಸುರು ಆದ್ರ ಏನ್ರಿ? ಎಲ್ಲಿಂದ ಸುರು ಆಗ್ಯಾದ ಅನ್ನೋದು ಹಿಡದವಗ ಗೊತ್ತಿದ್ರ ಸಾಕು," ಎನ್ನುತ್ತಿದ್ದರು.

ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಟೇಪೇ ಕಣ್ಣ ಮುಂದೆ ಬರುತ್ತದೆ. ಹಾಗೆ ಬರುವುದರ ಮೇಲೆ ನನಗೆ ಅನುಮಾನವಿದೆ. ಟೇಪಿನಿಂದ ಶುರುಮಾಡಿದರೆ ಮುಂದೆ ಆದದ್ದಕ್ಕೆಲ್ಲ ಟೇಪೇ ಕಾರಣ ಎಂದು ಕೇಳುವವರಿಗೆ ಅನಿಸುತ್ತದೆ. ನೆನಪು ನನಗೆ ಅನುಕೂಲವಾದ ಕಡೆಯಿಂದ ಬಾಗಿಲು ತೆರೆಯುತ್ತದೆ. ಆದ್ದರಿಂದ ಅವರ ಬಗ್ಗೆ ಉಳಿದದ್ದನ್ನೂ ಹೇಳಬೇಕು.

ಎತ್ತರದ, ತೆಳ್ಳಗಿನ ಮನುಷ್ಯ. ವಯಸ್ಸು ಎಪ್ಪತ್ತರ ಹತ್ತಿರ. ಊರು ಸುಲೇಪೇಟ. ಪ್ರಾಯದಲ್ಲಿ ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಯಂತ್ರದ ಮುಂದೆ ಬಹಳ ವರ್ಷ ನಿಂತಿದ್ದರಿಂದ ಬಲಗಿವಿ ಪೂರಾ ಹೋಗಿತ್ತು. ಯಾರೊಂದಿಗೆ ಮಾತಾಡಿದರೂ ಎಡಗಿವಿಯನ್ನು ಮುಂದೆ ಮಾಡಿ ಓರೆಯಾಗಿ ನಿಲ್ಲುತ್ತಿದ್ದರು. ನೋಡುವವರಿಗೆ, ಇವರು ಇನ್ನೇನು ಹೊರಟೇಬಿಟ್ಟರು ಅನಿಸುತ್ತಿತ್ತು. ಸ್ನಾನ ಮಾಡಿ ಬಂದರೂ ಅವರ ರೆಪ್ಪೆಗೂದಲಲ್ಲಿ ಕಲ್ಲಿನ ಬಿಳಿಪುಡಿ ಇರುತ್ತಿತ್ತು. ಕೆಮ್ಮು ಇರುತ್ತಿತ್ತು. ಆ ಯಂತ್ರ ಬಿಟ್ಟ ಮೇಲೆ ಅವರು ಕೈಗೆತ್ತಿಕೊಂಡದ್ದು ಒಂದೇ ಕೆಲಸ: ಹಿತ್ತಲಿನಲ್ಲಿ ಸಾಮಾನಿನ ಶೆಡ್ಡು ಕಟ್ಟುವುದು. ಮನೆ ಕಟ್ಟುತ್ತಿರಲಿಲ್ಲ. ಕೇಳಿದರೆ, "ಮನಿ ಕಟ್ಟಿದ್ರ ಮಂದಿ ಗ್ವಾಡಿ ನೋಡ್ತಾರ, ಬಣ್ಣಾ ನೋಡ್ತಾರ. ಶೆಡ್ಡು ಯಾರೂ ನೋಡಂಗಿಲ್ಲ. ಅದಕ್ಕ ಚೊಲೋ ಕಟ್ಟಬಹುದು," ಎನ್ನುತ್ತಿದ್ದರು.

ಹಾಸುಗಲ್ಲನ್ನು ಬೆರಳ ಗಂಟಿನಿಂದ ಕುಟ್ಟಿ, ಎಡಗಿವಿ ಹಚ್ಚಿ ಕೇಳುತ್ತಿದ್ದರು. ಒಳಗೆ ಸೀಳಿದ್ದರೆ ಸದ್ದು ಮಂದ. "ಇದು ನಿದ್ದಿಗಣ್ಣಾಗ ಅದ, ತಗೀರಿ," ಎಂದು ಪಕ್ಕಕ್ಕೆ ಇಡಿಸುತ್ತಿದ್ದರು. ಕೆಲಸ ಮುಗಿದಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ಗೋಡೆ ನೋಡಿ "ನಿಂತದ" ಎನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಲ್ಲಿ ಇರಲಿಲ್ಲ.

ವಾಡಿಯಲ್ಲಿ ನನ್ನದು ಶಾಮಿಯಾನ ಬಾಡಿಗೆಗೆ ಕೊಡುವ ವ್ಯಾಪಾರ. ಅಂಗಡಿ ಎಂದು ಬೇರೆ ಇಲ್ಲ. ಮನೆಯ ನಡುಕೋಣೆಯೇ ಅಂಗಡಿ. ಗಾಳಿ ಬೆಳಕು ಚೆನ್ನಾಗಿದ್ದ ಒಂದೇ ಕೋಣೆ ಅದು. ಅದನ್ನು ಇಪ್ಪತ್ತು ವರ್ಷ ಕಡಾಯಿ, ಹಂಡೆ, ಬೊಂಬು, ಕುರ್ಚಿ, ಜಮಖಾನಗಳಿಂದ ತುಂಬಿದ್ದೆ. ಆ ಜಮಖಾನಗಳಲ್ಲಿ ಎಷ್ಟು ಮದುವೆಗಳ ಧೂಳಿತ್ತೋ. ಒಂದನ್ನು ಎಳೆದರೆ ಕೋಣೆಯೆಲ್ಲ ಮಸುಕಾಗುತ್ತಿತ್ತು.

ನನ್ನ ಹೆಂಡತಿ ಶಾಂತಾಳ ಎರಡೂ ಮೂತ್ರಪಿಂಡ ಕೆಟ್ಟವು. ವಾರಕ್ಕೆ ಮೂರು ಸಲ ಕಲಬುರಗಿಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಹಚ್ಚಿಸಿಕೊಂಡು ಬರಬೇಕಿತ್ತು. ಆ ಯಂತ್ರ ಅವಳಿಗೆ ಒಗ್ಗಲಿಲ್ಲ. ಅದರ ಮೇಲೆ ಎರಡು ಸಲ ಎಚ್ಚರ ತಪ್ಪಿದಳು. ಎರಡನೆಯ ಸಲ ಎಚ್ಚರ ಬರಲು ತಡವಾಯಿತು. ಯಂತ್ರದ ಸೂಜಿ ಚುಚ್ಚಲೆಂದು ಕೈಯಲ್ಲಿ ಜೋಡಿಸಿದ ನರ ಕೂಡಿಬರಲಿಲ್ಲ. ಕುತ್ತಿಗೆಗೆ ಹಾಕಿದ ನಳಿಕೆಯನ್ನು ಇನ್ನು ಹೆಚ್ಚು ದಿನ ಇಡಲಾಗದು ಎಂದು ಡಾಕ್ಟರು ಹೇಳಿದರು. ಉಳಿದದ್ದು ಒಂದೇ ದಾರಿ: ಮನೆಯಲ್ಲೇ, ಹೊಟ್ಟೆಗೆ ಹಾಕಿದ ನಳಿಕೆಯಿಂದ ಔಷಧದ ನೀರು ಒಳಗೆ ಬಿಟ್ಟು, ಕೆಲವು ತಾಸು ಬಿಟ್ಟು ತೆಗೆಯುವ ಡಯಾಲಿಸಿಸ್. ಅದಕ್ಕೆ ಬೇಕಾದದ್ದು ಒಂದು ಶುದ್ಧ ಕೋಣೆ. ಮಂಚ, ಮೇಜು, ಚೀಲ ತೂಗುಹಾಕುವ ಕಂಬ ಬಿಟ್ಟು ಬೇರೇನೂ ಇರಬಾರದು. ತಿಂಗಳಿಗೆ ಬೇಕಾಗುವ ನೀರಿನ ಚೀಲಗಳ ಪೆಟ್ಟಿಗೆಗಳನ್ನು ಒದ್ದೆಯಾಗದ ಬೇರೆ ಜಾಗದಲ್ಲಿ ಇಡಬೇಕು. ಇನ್ನು ಹದಿನೆಂಟು ದಿನಕ್ಕೆ, ಶುಕ್ರವಾರ, ನರ್ಸ್ ಒಬ್ಬರು ಮನೆಗೆ ಬಂದು ಕೋಣೆ ನೋಡುತ್ತಾರೆ. ಅವರು ಒಪ್ಪಿದರೆ ಅಂದೇ ಕಲಿಸಿ ಶುರುಮಾಡುತ್ತಾರೆ. ಒಪ್ಪದಿದ್ದರೆ ಅವರು ಮತ್ತೆ ಬರುವುದು ಒಂದು ತಿಂಗಳಿಗೆ. ಶಾಂತಾಳ ಹತ್ತಿರ ಒಂದು ತಿಂಗಳು ಇರಲಿಲ್ಲ.

ನಡುಕೋಣೆ ಖಾಲಿಯಾಗಬೇಕಾದರೆ ಹಿತ್ತಲಿನಲ್ಲಿ ಒಂದು ಶೆಡ್ಡು ಬೇಕು. ಹೀಗೆ ನಾನು ಮೈನುದ್ದೀನ್ ಚಾಚಾ ಅವರನ್ನು ಹುಡುಕಿಕೊಂಡು ಹೋದೆ. ಅವರಾಗ ದಂಡೋತಿಯಲ್ಲಿ ಒಂದು ಶೆಡ್ಡಿನ ಗೋಡೆಗೆ ಕಲ್ಲಿನ ಕೊನೆಯ ವರಸೆ ಇಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಎಡಗಿವಿಯಿಂದ ಕೇಳಿ, "ಅವ್ವಗ ಎಷ್ಟು ದಿನ ಅದ?" ಎಂದು ಮಾತ್ರ ಕೇಳಿದರು. ಮಾರನೆಯ ದಿನ ಮೊದಲ ಬಸ್ಸಿಗೆ ಬಂದರು.

"ನಕ್ಷಾ ತಗೀರಿ ಚಾಚಾ," ಅಂದೆ.

"ನಕ್ಷಾ ಎಲ್ಲಿಂದ ತರ್ಲಿ? ಸಾಮಾನು ಹೊರಗ ತರ್ರಿ. ಅದೇ ನಕ್ಷಾ."

ಇದು ಅವರ ಪದ್ಧತಿ. ಕಾಗದ ಮುಟ್ಟುತ್ತಿರಲಿಲ್ಲ. ಶೆಡ್ಡಿಗೆ ಹೋಗಬೇಕಾದ ಪ್ರತಿಯೊಂದು ವಸ್ತುವನ್ನೂ ಹಿತ್ತಲಿಗೆ ತರಿಸಿ, ಒಳಗೆ ಹೇಗೆ ಇರಬೇಕೋ ಹಾಗೆಯೇ ನೆಲದ ಮೇಲೆ ಜೋಡಿಸಿ, ಸುತ್ತ ಬೂದಿಯಿಂದ ಗೆರೆ ಎಳೆಯುತ್ತಿದ್ದರು. ಆ ಗೆರೆಯ ಮೇಲೆ ಗೋಡೆ ಏಳುತ್ತಿತ್ತು. ನಾನು ಇಪ್ಪತ್ತು ವರ್ಷದ ಸಾಮಾನನ್ನು ಬಿಸಿಲಿಗೆ ತಂದು ಹಾಕಿದೆ. ಶಾಂತಾ ಗೋಡೆಯ ನೆರಳಿಗೆ ಮಂಚ ಹಾಕಿಸಿಕೊಂಡು, ಮೂಗಿಗೆ ಸೆರಗು ಹಿಡಿದು ನೋಡುತ್ತ ಮಲಗಿದ್ದಳು. ಚಾಚಾ ಕೋಲು ಹಿಡಿದು ಒಂದೊಂದನ್ನೇ ಮುಟ್ಟುತ್ತ ಬಂದರು.

"ಇದು ಕೈಗೆ ಹತ್ತಿ ಎಷ್ಟು ದಿನ ಆತು?"

"ಬೇಕಾಗ್ತದ ಚಾಚಾ."

"ಬೇಕಾಗ್ತದ ಅಂತ ಎಲ್ಲಾರೂ ಅಂತಾರ. ಯಾವಾಗ ಬೇಕಾಗಿತ್ತು, ಅದು ಹೇಳ್ರಿ."

"ಅವರಿಗೇನು ಕೇಳ್ತೀರಿ ಚಾಚಾ," ಎಂದಳು ಶಾಂತಾ. "ಮದಿವ್ಯಾಗ ಹಾಕ್ಕೊಂಡ ಬೂಟು ಸೈತ ಇಟ್ಟಾರ. ಒಂದೇ ಕಾಲಿಂದು."

"ಇನ್ನೊಂದು?"

"ಅವತ್ತ ನಮ್ಮ ತಮ್ಮ ಕದ್ದಾನ. ಇವರು ರೊಕ್ಕ ಕೊಡ್ಲಿಲ್ಲ, ಅವ ಬೂಟು ಕೊಡ್ಲಿಲ್ಲ."

ಚಾಚಾ ಬೂಟನ್ನು ಕೋಲಿನಿಂದ ಎತ್ತಿ ನೋಡಿ ಗಂಭೀರವಾಗಿ ಹೇಳಿದರು: "ಹಂಗಂದ್ರ ಇದಕ್ಕ ಜಾಗಾ ಕೊಡ್ಲೇಬೇಕು. ಮುಕದ್ಮಾ ಇನ್ನಾ ನಡದದ."

ಅವಳು ನಕ್ಕಳು. ಅವಳು ಎಷ್ಟು ವಾರಗಳ ನಂತರ ನಕ್ಕದ್ದು ಎಂದು ಬರೆಯಬೇಕೆನಿಸುತ್ತದೆ, ಆದರೆ ಅದು ನನಗೆ ಗೊತ್ತಿಲ್ಲ. ಯಂತ್ರದ ಕೋಣೆಯಲ್ಲಿ ಪಕ್ಕದ ಮಂಚದವರ ಜೊತೆ ನಕ್ಕಿರಬಹುದು.

ಅರ್ಧ ಸಾಮಾನು ಗುಜರಿಗೆ ಹೋಯಿತು. ಉಳಿದದ್ದರ ನಡುವೆ ಚಾಚಾ ನನ್ನನ್ನು ನಿಲ್ಲಿಸಿ, ದೊಡ್ಡ ಕಡಾಯಿಯನ್ನು ಎರಡೂ ಕೈಗೆ ಕೊಟ್ಟು ತಿರುಗಿರಿ ಎಂದರು. ನಾನು ತಿರುಗಿದಂತೆ ನನ್ನ ಮೊಣಕೈಗಳ ಹೊರಗೆ ಬೂದಿ ಚೆಲ್ಲಿದರು. "ಶೆಡ್ಡು ಸಾಮಾನಿಗಲ್ರಿ, ಸಾಮಾನು ಹೊತ್ತವಗ," ಎಂದರು. ಆಮೇಲೆ ಶಾಂತಾಳ ಕಡೆ ತಿರುಗಿ, "ಬಾ ಯವ್ವಾ, ನೀನೂ ಒಮ್ಮಿ ಒಳಗ ಬಂದು ಹೋಗು. ನಿನ್ನ ನೀರಿನ ಡಬ್ಬಿನೂ ಇಲ್ಲೇ ಇರ್ತಾವ," ಎಂದರು. ನಾನು ಅವಳ ರಟ್ಟೆ ಹಿಡಿದು ನಡೆಸಿದೆ. ಬಾಗಿಲಿಗೆಂದು ಬಿಟ್ಟ ಸಂದಿಯಲ್ಲಿ ನಾವಿಬ್ಬರೂ ಒಟ್ಟಿಗೆ ಹಿಡಿಯಲಿಲ್ಲ. ಚಾಚಾ ಕಾಲಿನಿಂದ ಬೂದಿ ಒರೆಸಿ ಸಂದಿಯನ್ನು ಒಂದು ಗೇಣು ಅಗಲ ಮಾಡಿದರು.

"ಯಾಕ್ರಿ ಚಾಚಾ? ಆರಾಮಾದ ಮ್ಯಾಲ ಒಬ್ಬಾಕಿನೇ ಬರ್ತೀನಿ," ಎಂದಳು ಶಾಂತಾ.

"ಬರ್ತಿ ಬಿಡು," ಎಂದರು. ಗೆರೆಯನ್ನು ಮಾತ್ರ ಮತ್ತೆ ಒಳಗೆ ಸರಿಸಲಿಲ್ಲ.

ತುಂಡುಕಲ್ಲಿನ ಗೋಡೆಗಳು ಎದೆಮಟ್ಟ ದಾಟಿ ತಲೆಮಟ್ಟಕ್ಕೆ ಬಂದವು. ನಾನೇ ಅವರ ಆಳು. ಸಾಮಾನೆಲ್ಲ ಹಿತ್ತಲಿನಲ್ಲೇ ನನ್ನದೇ ಶಾಮಿಯಾನದ ಕೆಳಗೆ ಬಿದ್ದಿತ್ತು. ದಿನಾ ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಬಿಚ್ಚುತ್ತಿತ್ತು. ನಾನು ಕಲ್ಲು ಕೊಡುತ್ತ ಕೊಡುತ್ತ ದಿನ ಎಣಿಸುತ್ತಿದ್ದೆ. ಚಾಚಾ ಒಂದು ವರಸೆ ಪೂರ್ತಿ ಸುತ್ತುವ ತನಕ ರೊಟ್ಟಿಯ ಗಂಟು ಬಿಚ್ಚುತ್ತಿರಲಿಲ್ಲ. ಅವರ ಕೆಮ್ಮು ಮನೆಯೊಳಗಿದ್ದ ಶಾಂತಾಳಿಗೂ ಕೇಳುತ್ತಿತ್ತು. ಅವಳು ಬಿಸಿನೀರು ಕಳಿಸುತ್ತಿದ್ದಳು.

ಗೋಡೆ ಮುಗಿದ ದಿನ ಮೇಲೆ ಹೊದಿಸುವ ಹಾಸುಗಲ್ಲಿನ ಅಳತೆ ತೆಗೆದೆವು. ಶೆಡ್ಡಿನ ಒಳಗಿನ ಅಗಲ ಐದು ಅಡಿ. ಎರಡೂ ಕಡೆ ಗೋಡೆಯ ಮೇಲೆ ಕಲ್ಲು ಮೂರು ಮೂರು ಇಂಚು ಕೂರಬೇಕು. ಚಾಚಾ ಒಂದು ಗೋಡೆಯ ಮೇಲೆ ಮೂರಿಂಚಿನ ಗುರುತಿಗೆ ಟೇಪಿನ ಮುರುಕು ತುದಿ ಹಿಡಿದರು. ನಾನು ಇನ್ನೊಂದು ಗೋಡೆಯ ಗುರುತಿನ ಹತ್ತಿರ ಅಂಕಿ ಓದಬೇಕಿತ್ತು. ದೂರದ ಅಂಕಿ ಅವರಿಗೆ ಕಾಣುತ್ತಿರಲಿಲ್ಲ. ಟೇಪು ಐದು ಅಡಿ ಹತ್ತು ಇಂಚು ತೋರಿಸಿತು. ಅಷ್ಟರಲ್ಲಿ ನನಗೂ ಆ ಟೇಪು ಗೊತ್ತಾಗಿತ್ತು. ಹತ್ತು ದಿನ ಜೊತೆಗೆ ಕೆಲಸ ಮಾಡಿದ ಜಾಣತನ. ಬೆರಳು ಮಡಚಿ ನಾನೇ ನಾಲ್ಕು ಕಳೆದು ಕೂಗಿದೆ: "ಐದು ಫೂಟು ಆರು ಇಂಚು."

"ಅಂದ್ರ ಐದು ಫೂಟು ಎರಡು," ಎಂದರು ಚಾಚಾ. "ಬರಕೋರಿ."

ನಾನು ಬರೆದುಕೊಂಡೆ.

ಇಲ್ಲಿ ನಾನು ನಿಲ್ಲಬೇಕು. ಆ ಕ್ಷಣದಲ್ಲಿ ನನಗೆ ಏನನಿಸಿತು? ಏನೂ ಅನಿಸಲಿಲ್ಲ ಎಂದು ಕೆಲವು ಸಲ ಹೇಳಿದ್ದೇನೆ. ಏನೋ ಒಂದು ಚೂರು ಅನಿಸಿತ್ತು, ಮೇಸ್ತ್ರಿಗೆ ಅವರ ಲೆಕ್ಕ ಗೊತ್ತಿರುತ್ತದೆ ಎಂದು ಬಿಟ್ಟೆ, ಎಂದೂ ಹೇಳಿದ್ದೇನೆ. ಎರಡೂ ನಿಜವೆನ್ನುವಂತೆ ನೆನಪಾಗುತ್ತವೆ. ಅದೇ ದಿನ ಶಹಾಬಾದಿಗೆ ಹೋಗಿ ಚೀಟಿ ಕೊಟ್ಟು ಬಂದೆ.

ಕಲ್ಲು ಬಂದದ್ದು ಸೋಮವಾರ ಬೆಳಿಗ್ಗೆ. ನರ್ಸ್ ಬರುವುದು ಶುಕ್ರವಾರ. ಕಲ್ಲಿನ ಅಂಗಡಿಯವನು ತಾನೇ ಟ್ರಾಕ್ಟರಿನ ಜೊತೆ ಬಂದಿದ್ದ. ಅವನ ಇಬ್ಬರು ಹಮಾಲರು ಮೊದಲ ಕಲ್ಲನ್ನು ಏರಿಸಿದರು. ಚಾಚಾ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ಕಲ್ಲಿನ ತುದಿಯ ಕೆಳಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಕಲ್ಲು ಗೋಡೆಯ ಮೇಲೆ ಕೂತದ್ದು ಒಂದೇ ಇಂಚು. ಆ ಕಡೆಯೂ ಒಂದೇ ಇಂಚು.

"ಚೀಟಿ ತೋರ್ಸು," ಎಂದರು ಅಂಗಡಿಯವನಿಗೆ.

ಅವನು ತೋರಿಸಿದ. ನನ್ನ ಅಕ್ಷರ. ಐದು ಅಡಿ ಎರಡು ಇಂಚು.

"ಏನ್ ಚಾಚಾ," ಎಂದು ನಕ್ಕ ಅವನು, "ಟೇಪಿನ ಈ ತುದಿ ಮದ್ಲೇ ಹೋಗಿತ್ತು. ಈಗ ಆ ತುದಿನೂ ಹೋತೇನು?" ಹಮಾಲರೂ ನಕ್ಕರು. "ಸಾವ್ಕಾರ್ರು ನೀವು ಹೇಳಿದ್ದೇ ಬರದಾರ. ಹೌದಲ್ರಿ ಸಾವ್ಕಾರ್ರ?"

"ಹೌದು," ಎಂದೆ.

ಅದು ಸುಳ್ಳಲ್ಲ. ಅವರು ಹೇಳಿದ್ದನ್ನೇ ಬರೆದಿದ್ದೆ.

"ಬ್ಯಾರೆ ಕೊಯ್ಸಿದ್ರ?" ಎಂದು ಚಾಚಾ ಕೇಳಿದರು.

"ಎಂಟು ದಿನ. ಗರಗಸದ ಮುಂದ ಈಗ ಪಾಳಿ ಅದ."

ನಾನು ಗೋಡೆಯ ಹತ್ತಿರ ಹೋಗಿ, ಚಾಚಾ ಅವರ ಎಡಗಿವಿಗೆ ಕೇಳುವಂತೆ ಮೆಲ್ಲಗೆ ಹೇಳಿದೆ: "ಇಷ್ಟರ ಮ್ಯಾಲ ನಿಲ್ಲಂಗಿಲ್ಲೇನು? ಸದ್ಯಕ್ಕ?"

"ಸದ್ಯಕ್ಕ ನಿಲ್ತದ. ಸದ್ಯ ಮುಗದ ಮ್ಯಾಲ ಯಾರ ತಲಿ ಮ್ಯಾಲ ಬೀಳ್ತದ, ಅದು ಹೇಳ್ರಿ."

ಗೋಡೆ ನೋಡಿದರು, ಕೈಯಲ್ಲಿದ್ದ ಟೇಪು ನೋಡಿದರು. "ನಂದೇ ಗಲತ್ ಆಗ್ಯಾದ," ಎಂದರು ಕೊನೆಗೆ. "ಕಳದ ಮ್ಯಾಲ ಮತ್ತ ಕಳದೀನಿ ಕಾಣ್ತದ. ಇಷ್ಟು ವರ್ಷದಾಗ ಹಿಂಗ ಆಗಿದ್ದಿಲ್ಲ."

ಸತ್ಯ ಅವರ ಬಾಯಿಗೆ ಅಷ್ಟು ಹತ್ತಿರ ಬಂದಿತ್ತು. ನಾನು ಒಂದು ಮಾತು ಸೇರಿಸಿದ್ದರೆ ಸಾಕಿತ್ತು. ಸೇರಿಸಲಿಲ್ಲ. ತಪ್ಪು ನನ್ನದೆಂದು ಗೊತ್ತಾದರೆ ಅವರು ಎಂಟು ದಿನ ಕಾಯೋಣ ಎನ್ನಬಹುದು, ತಪ್ಪು ತಮ್ಮದೇ ಎಂದು ತಿಳಿದರೆ ಇವತ್ತೇ ಏನಾದರೂ ಮಾಡುತ್ತಾರೆ. ಹಾಗೆ ಲೆಕ್ಕ ಹಾಕಿದೆ. ಆ ಕ್ಷಣದಲ್ಲೇ ಹಾಕಿದೆನೋ, ಆಮೇಲೆ ನನ್ನ ಸುಮ್ಮನಿರುವಿಕೆಗೆ ಒಂದು ಕಾರಣ ಬೇಕೆಂದು ಹೊಂದಿಸಿದೆನೋ, ಈಗ ಬಿಡಿಸಲು ಬರುವುದಿಲ್ಲ. ಶಾಂತಾ ಕಿಟಕಿಯಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು.

ಚಾಚಾ ಎಂಟು ದಿನದ ಮಾತೇ ಎತ್ತಲಿಲ್ಲ. ಎರಡೂ ಉದ್ದಗೋಡೆಗಳ ಮೇಲಿನ ವರಸೆಗಳನ್ನು ಬಿಚ್ಚಿದರು. ಅವುಗಳ ಬದಲು ಉದ್ದನೆಯ ಕಲ್ಲುಗಳನ್ನು ಅಡ್ಡ ಇಟ್ಟು, ಒಳಬದಿಗೆ ಎರಡೆರಡು ಇಂಚು ಚಾಚಿಸಿ, ಹಿಂಬದಿಗೆ ಭಾರ ಹೇರಿದರೆ, ಅಗಲ ಎರಡೂ ಕಡೆಯಿಂದ ಕಡಿಮೆಯಾಗುತ್ತದೆ. ಆಗ ಗಿಡ್ಡ ಕಲ್ಲೂ ಮೂರಿಂಚು ಕೂರುತ್ತದೆ. ಅಷ್ಟು ಉದ್ದದ ಕಲ್ಲು ನಮ್ಮಲ್ಲಿ ಇರಲಿಲ್ಲ. ಅವರು ಹಿತ್ತಲನ್ನೆಲ್ಲ ಕಣ್ಣಿನಿಂದ ಹುಡುಕಿ, ಬಟ್ಟೆ ಒಗೆಯುವ ಕಲ್ಲಿನ ಮುಂದೆ ನಿಂತರು. ಶಾಂತಾ ಒಳಗಿನಿಂದಲೇ ಹೇಳಿದಳು:

"ಒಡೀರಿ ಚಾಚಾ. ಹ್ಯಾಂಗಿದ್ರೂ ನಾ ಅದರ ಮುಂದ ನಿಲ್ಲಂಗಿಲ್ಲ ಈಗ."

"ನಿಲ್ತಿ ಯವ್ವಾ. ಆಗ ಹೊಸಾದು ಹಾಕ್ತೀನಿ."

ಅದನ್ನೂ ಮುಂಬಾಗಿಲ ಮೆಟ್ಟಿಲನ್ನೂ ಸೀಳಿದರು. ಸೋಮವಾರ, ಮಂಗಳವಾರ, ಬುಧವಾರ. ಎಪ್ಪತ್ತರ ಮನುಷ್ಯ ಗೋಡೆಯ ಮೇಲಿಂದ ಇಳಿದದ್ದು ನಮಾಜಿಗೆ ಮತ್ತು ಕೆಮ್ಮಿಗೆ. ಕೆಮ್ಮು ಬಂದಾಗ ಗೋಡೆ ಹಿಡಿದುಕೊಳ್ಳುತ್ತಿರಲಿಲ್ಲ; ಹೊಸ ಗೋಡೆ ಅಲುಗಬಾರದೆಂದು ಇಳಿದು ಬಂದು, ದೂರ ನಿಂತು ಕೆಮ್ಮಿ, ಮತ್ತೆ ಏರುತ್ತಿದ್ದರು. ಬೆಳಕು ಮುಗಿದು ಬಸ್ಸಿಗೆ ಹೋಗುವಾಗ ನನ್ನ ಮುಖ ನೋಡಿ, "ಮಾಫ್ ಮಾಡ್ರಿ ಸಾವ್ಕಾರ. ನಿಮ್ಮನ್ನ ಭಾಳ ಹೈರಾಣ ಮಾಡ್ದೆ," ಎನ್ನುತ್ತಿದ್ದರು. ಮೂರು ದಿನವೂ ಹಾಗೆಂದರು.

ಮಂಗಳವಾರ ಶಾಂತಾ ಕೇಳಿದಳು: "ಅವತ್ತ ಟೇಪು ನೋಡಿ ನೀವು ಬೆರಳು ಮಡಚಿದ್ರಲ್ಲ, ಯಾಕ?"

"ಏನಿಲ್ಲ."

"ನಾಲ್ಕು ಕಳದ್ರೇನು?"

ನಾನು ಉಗುರಿನಲ್ಲಿ ಸೇರಿದ್ದ ಕಲ್ಲಿನ ಪುಡಿ ತೆಗೆಯತೊಡಗಿದೆ.

"ಹೇಳ್ರಿ ಅವರಿಗೆ. ಮುದುಕ ಮನಷ್ಯಾ ನಿಮ್ಮ ಕ್ಷಮಾ ಕೇಳಾಕತ್ತಾನ. ನನಗ ಇಲ್ಲಿ ಮಲಗ್ಲಿಕ್ಕ ಆಗವಲ್ದು."

"ಶುಕ್ರವಾರ ಆಗ್ಲಿ," ಎಂದೆ.

ಬುಧವಾರ ಹೊತ್ತು ಮುಳುಗುವ ಮುಂಚೆ ಕೊನೆಯ ಹಾಸುಗಲ್ಲು ಕೂತಿತು. ಸಂದಿಗೆ ಸಿಮೆಂಟು ಮೆತ್ತಿ ಚಾಚಾ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. "ನಿಂತದ" ಎನ್ನುತ್ತಾರೆಂದು ಕಾದೆ. ಅವರು ಏನೂ ಅನ್ನಲಿಲ್ಲ. ಗುರುವಾರ ಸಾಮಾನು ಒಳಗೆ ಹೋಯಿತು. ನಡುಕೋಣೆಯ ಗೋಡೆಗಳನ್ನು ಮೂರು ಸಲ ತೊಳೆದೆ. ಶುಕ್ರವಾರ ನರ್ಸ್ ಬಂದು ಕಿಟಕಿಯ ಸಂದಿಗೆ ಬೆರಳು ಎಳೆದು, ಬೆರಳನ್ನು ನೋಡಿಕೊಂಡು, ನಡೆಯುತ್ತದೆ ಎಂದರು. ಆ ದಿನ ಮಧ್ಯಾಹ್ನವೇ ಜೋರು ಮಳೆ ಹೊಡೆಯಿತು. ನಾನು ಶೆಡ್ಡಿನೊಳಗೆ ನಿಂತು ನೀರಿನ ಪೆಟ್ಟಿಗೆಗಳ ಮೇಲೆ ಕೈ ಆಡಿಸಿದೆ. ಒಂದು ಹನಿ ಇರಲಿಲ್ಲ.

ಶಾಂತಾಳ ಕಾಲಿನ ಬಾವು ಇಳಿಯಿತು. ಎರಡು ತಿಂಗಳಿಗೆ ಮನೆಯೊಳಗೆ ತಾನೇ ಓಡಾಡತೊಡಗಿದಳು. ದಿನಕ್ಕೆ ಮೂರು ಸಲ ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಬಾಯಿಗೆ ಬಟ್ಟೆ ಕಟ್ಟಿ, ಕೈ ತೊಳೆದು ನಾನು ನೀರಿನ ಚೀಲ ಹಚ್ಚುತ್ತಿದ್ದೆ. ಶುಕ್ರವಾರ ಆದ ಮೇಲೆ ಎಷ್ಟೋ ಶುಕ್ರವಾರಗಳು ಆದವು.

ಕಲ್ಲಿನ ಅಂಗಡಿಯವನು ಸುಮ್ಮನಿರುವ ಜಾತಿಯವನಲ್ಲ. ಶಹಾಬಾದಿನಲ್ಲಿ, ಚಿತ್ತಾಪುರದಲ್ಲಿ, ಎಲ್ಲೆಲ್ಲಿ ಕಲ್ಲು ಇಳಿಸುತ್ತಿದ್ದನೋ ಅಲ್ಲೆಲ್ಲ ಈ ಕಥೆಯನ್ನೂ ಇಳಿಸಿದ. ಮುದುಕನಿಗೆ ಕಿವಿ ಹೋಗಿತ್ತು, ಈಗ ಲೆಕ್ಕವೂ ಹೋಯಿತು ಎಂದು. ಸೇಡಂ ಕಡೆಯ ಆಡಕಿಯಲ್ಲಿ ಒಬ್ಬರು ಅವರಿಗೆ ಮಾತು ಕೊಟ್ಟಿದ್ದ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ನಮ್ಮ ಶೆಡ್ಡೇ ಅವರು ಕಟ್ಟಿದ ಕೊನೆಯದು ಎಂದು ನಾನು ಹೇಳುತ್ತ ಬಂದಿದ್ದೇನೆ. ಹಾಗೆ ಹೇಳಿದರೆ ಕಥೆಗೆ ಒಂದು ತೂಕ ಬರುತ್ತದೆ. ದಂಡೋತಿಯವರೊಬ್ಬರು ಆಮೇಲೆ ಅವರು ಅಲ್ಲಿ ಒಂದು ದನದ ಕೊಟ್ಟಿಗೆ ಕಟ್ಟಿದರು ಎಂದರು. ಅದು ನಿಜವಾಗಿರಲಿ ಎಂದು ಆಸೆ.

ಅವರನ್ನು ಕೊನೆಯ ಸಲ ನೋಡಿದ್ದು ಚಳಿಗಾಲದ ಒಂದು ಬೆಳಿಗ್ಗೆ. ಹೊಟ್ಟೆಯ ನಳಿಕೆಗೆ ಚೀಲ ಹಚ್ಚಿ ಆಗಿತ್ತು. ಹಳೆಯ ನೀರು ಕೆಳಗಿನ ಚೀಲಕ್ಕೆ ಇಳಿಯುತ್ತಿತ್ತು. ಶಾಂತಾ ಮಂಚದ ಮೇಲೆ ಕೂತಿದ್ದಳು. ಕಿಟಕಿಯ ಗಾಜಿನ ಆಚೆ ಚಾಚಾ ಬಂದು ನಿಂತರು. ಮೊದಲಿಗಿಂತ ಅರ್ಧವಾಗಿದ್ದರು. ಅಂಗಿ ಕೋಲಿಗೆ ಹಾಕಿದಂತೆ ಜೋತಿತ್ತು. ನಾನು ಏಳಲು ಹೋದಾಗ ಅವರು ಬೇಡ ಬೇಡ ಎಂದು ಕೈ ಆಡಿಸಿ, ತಮ್ಮ ಅಂಗಿಯನ್ನು ಕೊಡವಿ ಏಳುವ ಪುಡಿಯನ್ನು ತೋರಿಸಿದರು. ನಾನು ಕೂತೆ.

ಅವರು ಗಾಜಿಗೆ ಹತ್ತಿರ ಬಂದು ತೂಗುವ ಚೀಲ ನೋಡಿದರು, ಬಿಳಿ ಗೋಡೆ ನೋಡಿದರು, ಮೂಲೆಗಳನ್ನು ಒಂದೊಂದಾಗಿ ನೋಡಿದರು. ಶಾಂತಾಳಿಗೆ ಕೈಯಿಂದ, ಹೇಗಿದ್ದಿ ಎಂದು ಕೇಳಿದರು. ಅವಳು ಎದ್ದು ನಿಂತು, ನಳಿಕೆ ಎಳೆಯದಷ್ಟು ದೂರ ಎರಡು ಹೆಜ್ಜೆ ನಡೆದು ತೋರಿಸಿದಳು. ಅವರ ಮುಖ ಅರಳಿತು. ಆಮೇಲೆ ಅವರು ನನ್ನ ಕಡೆ ತಿರುಗಿ, ಬಲಗೈಯನ್ನು ಎದೆಗೆ ಇಟ್ಟು ತಲೆ ಬಾಗಿಸಿದರು. ಸಲಾಮು ಇರಬಹುದು. ಆ ಮೂರು ದಿನ ಹೇಳಿದ ಮಾಫ್ ಮಾಡ್ರಿಯೂ ಇರಬಹುದು.

"ಹೋಗ್ರಿ. ಈಗರೆ ಹೇಳ್ರಿ," ಎಂದಳು ಶಾಂತಾ, ನನ್ನ ಕಡೆ ನೋಡದೆ.

ನಾನು ಚೀಲ ತೋರಿಸಿದೆ, ಮುಚ್ಚಿದ ಬಾಗಿಲು ತೋರಿಸಿದೆ. ಅರ್ಧ ತಾಸು ತಾಳಿ ಎಂದು ಚಾಚಾ ಅವರಿಗೆ ಬೆರಳಿನಿಂದ ಸನ್ನೆ ಮಾಡಿದೆ. ಅವರು ತಲೆ ಆಡಿಸಿ ಬಿಸಿಲಿನಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಕೆಮ್ಮು ಬಂದು ಗಾಜಿನಿಂದ ದೂರ ಸರಿದರು. ನೀರು ಪೂರಾ ಇಳಿದು, ಹೊಸದು ಏರಿ, ನಳಿಕೆಗೆ ಬಿರಡೆ ಹಾಕಿ ನಾನು ಬಾಗಿಲು ತೆರೆದು ಹಿತ್ತಲಿಗೆ ಬರುವಷ್ಟರಲ್ಲಿ ಅವರಿರಲಿಲ್ಲ. ರಸ್ತೆಯವರೆಗೆ ಓಡಿದೆ. ಸುಲೇಪೇಟದ ಬಸ್ಸು ಹೋಗಿ ಹತ್ತು ನಿಮಿಷವಾಗಿತ್ತು ಎಂದರು. ಎರಡು ತಿಂಗಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗಲೂ ಆಗಲಿಲ್ಲ. ಸುದ್ದಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಶಾಂತಾ ಈಗಲೂ ಆ ಕೋಣೆಯಲ್ಲೇ ಇದ್ದಾಳೆ. ಆ ಬೆಳಿಗ್ಗೆಯ ಬಗ್ಗೆ ನಾವು ಒಮ್ಮೆಯೂ ಮಾತಾಡಿಲ್ಲ. ನರ್ಸ್ ನಮ್ಮಿಬ್ಬರಿಗೂ ಒಟ್ಟಿಗೆ ಕಲಿಸಿದ್ದರು: ಬಾಗಿಲು ಮುಚ್ಚಿರಬೇಕಾದದ್ದು ನಳಿಕೆ ಹಚ್ಚುವಾಗ ಮತ್ತು ಬಿಡಿಸುವಾಗ ಮಾತ್ರ. ನಡುವೆ ನೀರು ಇಳಿಯುವ ಹೊತ್ತಿನಲ್ಲಿ ಜೊತೆಗಿದ್ದವರು ಬೇಕಾದರೆ ಬಾಗಿಲು ತೆರೆದು ಹೊರಗೆ ಹೋಗಿ ಬರಬಹುದು. ಅದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.